ಯಾವ ಸೊಪ್ಪು? ಎಲ್ಲಿಯ ಸೊಪ್ಪು?

'ರಕ್ತ ಕಡಿಮೆ ಇದೆ, ಸೊಪ್ಪು ತಿನ್ನಿ' ಎಂಬ ಸಲಹೆಯನ್ನು ಕೇಳದ ಗೃಹಿಣಿ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಸಿಗುವುದು ಕಷ್ಟ. ಸಲಹೆ ಒಳ್ಳೆಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದರೆ ಸಲಹೆ ಅಷ್ಟಕ್ಕೇ ನಿಂತುಬಿಡುತ್ತದೆ. ಯಾವ ಸೊಪ್ಪು, ಎಲ್ಲಿ ಬೆಳೆದ ಸೊಪ್ಪು ಎಂದು ಹೇಳುವವರೂ ಕಡಿಮೆ, ಕೇಳುವವರೂ ಕಡಿಮೆ. ಈ ಎರಡು ಪ್ರಶ್ನೆಗಳು ಸಸ್ಯಶಾಸ್ತ್ರದ ಮೇಷ್ಟರಿಗೆ ಬಿಟ್ಟದ್ದು ಎಂದು ನಾವು ತಿಳಿದಿದ್ದೇವೆ. ಇವು ನಮ್ಮ ಅಡಿಗೆಮನೆಯ ಪ್ರಶ್ನೆಗಳೂ ಹೌದು, ಆರೋಗ್ಯದ ಪ್ರಶ್ನೆಗಳೂ ಹೌದು.

ಚಕ್ಕೋತ ಸೊಪ್ಪನ್ನೇ ತೆಗೆದುಕೊಳ್ಳಿ. ಕೆಲವರು ಇದನ್ನು ಚಕ್ರವರ್ತಿ ಸೊಪ್ಪು ಎನ್ನುತ್ತಾರೆ. ಉತ್ತರ ಭಾರತದವರ 'ಬಥುವಾ' ಇದೇ. ಕೆಲವರು ಇದನ್ನು ಮಡಿಯಲ್ಲಿ ಬೆಳೆಯುತ್ತಾರೆ. ಹೊಲದಲ್ಲಿ ತಾನಾಗಿ ಹುಟ್ಟಿದರೆ ಕಳೆ ಎಂದು ಕಿತ್ತೆಸೆಯುತ್ತಾರೆ. 1753ರಲ್ಲಿ ಲಿನೇಯಸ್ ಇದಕ್ಕೆ ಚೀನೋಪೋಡಿಯಂ ಆಲ್ಬಮ್ ಎಂದು ಹೆಸರಿಟ್ಟ. ಚೀನೋಪೋಡಿಯಂ ಎಂದರೆ ಹೆಬ್ಬಾತಿನ ಪಾದ; ಎಲೆಯ ಆಕಾರ ಹಾಗಿದೆ. ಆಲ್ಬಮ್ ಎಂದರೆ ಬಿಳಿ. ಎಳೆಯ ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಪುಡಿ ಕಾಣುತ್ತದೆ. ಇದರಲ್ಲಿ ಕ್ಯಾಲ್ಸಿಯಂ, ಕಬ್ಬಿಣ, 'ಎ' ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ಎಲ್ಲವೂ ಇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ 528 ಆಹಾರ ಪದಾರ್ಥಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನ ಸಿಕ್ಕಿದೆ.

ತೊಂದರೆ ಇರುವುದು ಹೆಸರಿನಲ್ಲಿ. ಚಕ್ಕೋತ, ಚಕ್ರವರ್ತಿ, ಚಕ್ರಮುನಿ: ಮೂರು ಹೆಸರೂ ಕಿವಿಗೆ ಒಂದೇ ತರಹ ಕೇಳಿಸುತ್ತವೆ. ಮೊದಲೆರಡು ಒಂದೇ ಗಿಡ, ಚಕ್ರಮುನಿ ಬೇರೆಯೇ. ಹಿತ್ತಲಲ್ಲಿ ಪೊದೆಯಾಗಿ ಬೆಳೆಯುವ, 'ವಿಟಮಿನ್ ಸೊಪ್ಪು' ಎಂದೂ ಕರೆಸಿಕೊಳ್ಳುವ ಈ ಚಕ್ರಮುನಿ ನೆಲ್ಲಿಕಾಯಿಗೆ ಹತ್ತಿರದ ನೆಂಟ, ಚಕ್ಕೋತಕ್ಕೆ ಏನೂ ಅಲ್ಲ. ಬೇಯಿಸಿದ ಪಲ್ಯವಾಗಿ ಹಿತಮಿತವಾಗಿ ತಿಂದರೆ ತಲೆಬಿಸಿ ಮಾಡಿಕೊಳ್ಳಬೇಕಾಗಿಲ್ಲ. ಆದರೆ 1994–95ರಲ್ಲಿ ತೈವಾನ್‌ನಲ್ಲಿ ತೂಕ ಇಳಿಸುವ ಆಸೆಯಿಂದ ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಹೋಗಿ ಉಸಿರಾಟವೇ ಕಷ್ಟವಾಯಿತು. ಕೆಲವರು ತೀರಿಕೊಂಡರು. ಹಸಿ ಸೊಪ್ಪಿನ ರಸದ ಹುಚ್ಚು ನಮ್ಮಲ್ಲೂ ಹಬ್ಬುತ್ತಿರುವ ಈ ದಿನಗಳಲ್ಲಿ, ಯಾರೋ ಹೇಳಿದ ಹೆಸರನ್ನು ನಂಬಿ ಯಾವುದೋ ಗಿಡವನ್ನು ಅರೆದು ಕುಡಿಯುವುದು ಜಾಣತನವಲ್ಲ.

ಚಕ್ಕೋತದ ಸಂಬಂಧಿಕರಲ್ಲೂ ಎಲ್ಲರೂ ಸಾಧುಗಳಲ್ಲ. ಎಲೆ ಉಜ್ಜಿದರೆ ಘಾಟು ವಾಸನೆ ಬರುವ ಒಂದು ಗಿಡ ಇದೇ ಗುಂಪಿನದು. ಹಿಂದೆ ಇದನ್ನು ಚೀನೋಪೋಡಿಯಂ ಆಂಬ್ರೋಸಿಯಾಯ್ಡಿಸ್ ಎನ್ನುತ್ತಿದ್ದರು. ಈಗಿನ ವರ್ಗೀಕರಣದಲ್ಲಿ ಡಿಸ್ಫೇನಿಯ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಇದರ ಎಣ್ಣೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೊಕ್ಕೆಹುಳುವಿನ ಔಷಧವಾಗಿ ಕೊಡುತ್ತಿದ್ದರು. ಹುಳು ಸಾಯುತ್ತಿತ್ತು, ಪ್ರಮಾಣ ಸ್ವಲ್ಪ ಹೆಚ್ಚಾದರೆ ರೋಗಿಯೂ ಸಾಯುವ ಅಪಾಯವಿತ್ತು. ಸುರಕ್ಷಿತ ಮಾತ್ರೆಗಳು ಬಂದ ಮೇಲೆ ವೈದ್ಯರು ಅದನ್ನು ಕೈಬಿಟ್ಟರು. ಮಕ್ಕಳಿಗೆ, ಗರ್ಭಿಣಿಯರಿಗೆ ಇಂಥ ಗಿಡದ ಮನೆಮದ್ದು ಖಂಡಿತ ಬೇಡ.

'ವರ್ಗೀಕರಣದಿಂದ ನಮಗೇನು ಲಾಭ?' ಎಂದು ನೀವು ಕೇಳಬಹುದು. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಲಾಭವಿದೆ. ಪಾಲಕ್, ಬೀಟ್‌ರೂಟ್, ಚಕ್ಕೋತ ಒಂದೇ ಮನೆತನದವು. 1998ರಿಂದೀಚೆಗೆ ಸಸ್ಯವಿಜ್ಞಾನಿಗಳಲ್ಲಿ ಹೆಚ್ಚಿನವರು ಈ ಮನೆತನವನ್ನು ದಂಟಿನ ಕುಟುಂಬದಲ್ಲಿ ಸೇರಿಸಿದ್ದಾರೆ. ಹಾಗಾಗಿ ದಂಟು, ಕೀರೆ, ರಾಜಗಿರಿ, ಹೊನಗೊನೆ ಎಲ್ಲವೂ ಇವುಗಳ ದಾಯಾದಿಗಳೇ. ಈ ಕುಟುಂಬದ ಸೊಪ್ಪುಗಳಲ್ಲಿ ಆಕ್ಸಲೇಟ್ ಅಂಶ ಹೆಚ್ಚಾಗಿರುವುದು ಸಾಮಾನ್ಯ. ವೈದ್ಯರು ಪಾಲಕ್ ಬೇಡವೆಂದರು ಎಂದು ಅದನ್ನು ಬಿಟ್ಟು ದಿನವೂ ದಂಟು, ಚಕ್ಕೋತ ತಿನ್ನುವ ರೋಗಿ ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಮೆಂತ್ಯ ಬೇರೆ ಕುಟುಂಬದ್ದು. ಅದರಲ್ಲಿ ಆಕ್ಸಲೇಟ್ ಕಡಿಮೆ. ಗಿಡದ ಕುಲ ಗೊತ್ತಿದ್ದರೆ ಪಥ್ಯವೂ ಸರಿಯಾಗುತ್ತದೆ.

ಇನ್ನು ಎರಡನೆಯ ಪ್ರಶ್ನೆ: ಎಲ್ಲಿಯ ಸೊಪ್ಪು? ಈ ಕುಟುಂಬದ ಗಿಡಗಳಿಗೆ ಗೊಬ್ಬರದ ನೆಲ, ತಿಪ್ಪೆಯ ಪಕ್ಕ, ಚರಂಡಿಯ ದಂಡೆ ಬಹಳ ಇಷ್ಟ. ನೆಲದಲ್ಲಿ ಏನಿದೆಯೋ ಅದನ್ನು ಹೀರುವುದರಲ್ಲೂ ಇವು ಮುಂದು. ಸಾರಜನಕ ಗೊಬ್ಬರ ಹೆಚ್ಚಾದರೆ ಎಲೆಯಲ್ಲಿ ನೈಟ್ರೇಟ್ ಕೂಡುತ್ತದೆ. ಕೈಗಾರಿಕೆಯ ತ್ಯಾಜ್ಯ ಹರಿಯುವಲ್ಲಿ ಕ್ಯಾಡ್ಮಿಯಂನಂಥ ಲೋಹಗಳು ಕೂಡುತ್ತವೆ. ಕೊಳಚೆ ನೀರಿನ ಸೊಪ್ಪಿನಲ್ಲಿ ಜಂತುಹುಳುವಿನ ಮೊಟ್ಟೆ ಅಂಟಿರಬಹುದು. ಮೊಟ್ಟೆಯನ್ನು ಚೆನ್ನಾಗಿ ತೊಳೆದು ಬೇಯಿಸಿ ನಿವಾರಿಸಬಹುದು. ಎಲೆಯೊಳಗೆ ಸೇರಿದ ಲೋಹವನ್ನು ಎಷ್ಟು ತೊಳೆದರೂ ತೆಗೆಯಲಾಗದು.

ನಮ್ಮ ಎರಡೂ ಊರಿನ ಸುತ್ತ ಎಲ್ಲ ಬಗೆಯ ನೆಲವೂ ಇದೆ. ಭದ್ರಾ ನಾಲೆಯ ನೀರುಣ್ಣುವ, ಕಳೆನಾಶಕ ಸಿಂಪಡಿಸುವ ಭತ್ತದ ಗದ್ದೆಗಳಿವೆ. ಹೆದ್ದಾರಿಯ ಬದಿಯಿದೆ, ಊರ ಕೊಳಚೆ ಹರಿಯುವ ಹಳ್ಳಗಳಿವೆ. ಹರಿಹರದ ಬಳಿ ತುಂಗಭದ್ರೆಗೆ ಕೈಗಾರಿಕೆಯ ತ್ಯಾಜ್ಯ ಸೇರುವುದರ ಬಗ್ಗೆ 1980ರ ದಶಕದಿಂದಲೂ ಜನ ದನಿಯೆತ್ತಿದ್ದಾರೆ. ಇನ್ನೊಂದೆಡೆ ಕೊಂಡಜ್ಜಿಯ ಗುಡ್ಡದ ಕಡೆಯಂಥ ಜಾಗಗಳೂ, ಮಳೆಯನ್ನೇ ನಂಬಿದ ಹೊಲಗಳೂ ಇವೆ. ಎಲ್ಲ ಕಡೆಯ ಸೊಪ್ಪೂ ಕಟ್ಟಾಗಿ ಸಂತೆಗೆ ಬಂದಾಗ ಒಂದೇ ಹಸಿರು.

ಇಲ್ಲಿಯ ಗಿಡಗಳ ಲೆಕ್ಕ ಯಾರೂ ಇಟ್ಟಿಲ್ಲ ಎಂದಲ್ಲ. ಸೆಸಿಲ್ ಸಾಲ್ಡಾನಾ ಅವರ 'ಫ್ಲೋರಾ ಆಫ್ ಕರ್ನಾಟಕ' ಗ್ರಂಥದ ಮೊದಲ ಸಂಪುಟ 1984ರಲ್ಲಿ ಬಂತು. 2004ರಲ್ಲಿ ಮಂಜುನಾಥ, ಕೃಷ್ಣ ಮತ್ತು ಪುಲ್ಲಯ್ಯ ಅವರು ದಾವಣಗೆರೆ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆಯೇ ಒಂದು ಗ್ರಂಥ ಪ್ರಕಟಿಸಿದರು. ಆಗ ಜಿಲ್ಲೆಗೆ ಏಳು ವರ್ಷ. ಹರಪನಹಳ್ಳಿ ಇದರೊಳಗೇ ಇತ್ತು. 2018ರಲ್ಲಿ ಆ ತಾಲ್ಲೂಕು ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರಕ್ಕೆ. ಜನರ ನಕ್ಷೆ ಹೀಗೆ ಬದಲಾಗುತ್ತದೆ. ಗಿಡದ ನಕ್ಷೆ ಬದಲಾಗುವುದು ನೀರು, ಗೊಬ್ಬರ, ಚರಂಡಿಗಳಿಂದ. ಇಂಥ ಗ್ರಂಥಗಳು ಪಂಡಿತರಿಗೆ ಬಹಳ ಉಪಯುಕ್ತ. ಆದರೆ ಸೊಪ್ಪು ಕೊಯ್ಯುವ ಹೆಂಗಸಿಗೆ ಬೇಕಾದ್ದು ಇನ್ನೊಂದಿದೆ: ಈ ದಂಡೆಯಲ್ಲಿ ಕೊಯ್ಯಬಹುದು, ಆ ದಂಡೆಯಲ್ಲಿ ಬೇಡ ಎಂಬ ಮಾತು.

ಅದನ್ನು ಬರೆಯಲು ಹೊಸ ಇಲಾಖೆ ಬೇಕಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇದ್ದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಅದರಲ್ಲಿ ತಿನ್ನುವ ಕಾಡುಸೊಪ್ಪುಗಳಿಗೆ ಒಂದು ಅಧ್ಯಾಯವಿರಲಿ. ಊರಿನ ಹೆಸರು, ಶಾಸ್ತ್ರೀಯ ಹೆಸರು, ಚಿತ್ರ, ಸಿಗುವ ಜಾಗ, ಆ ಜಾಗದ ನೀರು–ಮಣ್ಣಿನ ಪರೀಕ್ಷೆಯ ಫಲ ಒಟ್ಟಿಗೆ ದಾಖಲಾಗಲಿ. ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಿಡ ಗುರುತಿಸಲಿ, ಸೊಪ್ಪು ಬಲ್ಲ ಅಜ್ಜಿಯರು ಹೆಸರು ಹೇಳಲಿ. ಪ್ರತಿಯೊಂದು ಆರೋಗ್ಯ ಕೇಂದ್ರದ ಗೋಡೆಯಲ್ಲಿ ಆ ನಕ್ಷೆ ತೂಗಲಿ. 'ಸೊಪ್ಪು ತಿನ್ನಿ' ಎಂಬ ಸಲಹೆಗೆ ಆಗ ಅರ್ಥ ಬರುತ್ತದೆ.

ನಕ್ಷೆ ಬರುವವರೆಗೆ ನೀವು ಮಾಡಬಹುದಾದದ್ದು ಇಷ್ಟು. ಗುರುತಿಲ್ಲದ ಸೊಪ್ಪು ಬೇಡ. ಚರಂಡಿ, ಹೆದ್ದಾರಿ, ಕಾರ್ಖಾನೆಯ ಪಕ್ಕದ್ದು ಬೇಡ. ಬೆರಕೆ ಸೊಪ್ಪು ತಂದರೆ ಬಿಡಿಸುವಾಗ ಒಂದೊಂದು ಎಲೆಯನ್ನೂ ನೋಡಿ. ಕಲ್ಲಿನ ತೊಂದರೆ ಇರುವವರು ಚಕ್ಕೋತ, ದಂಟು, ಪಾಲಕ್‌ಗಳನ್ನು ಅಪರೂಪಕ್ಕೆ ತಿನ್ನಿ. ಬೇಯಿಸಿದ ನೀರನ್ನು ಚೆಲ್ಲಿ, ಜೊತೆಗೆ ಮೊಸರು ಇರಲಿ. ಉಳಿದವರು ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ತಿನ್ನಬಹುದು. ಒಂದೇ ಜಾತಿಯದಲ್ಲ, ಬದಲಾಯಿಸುತ್ತಿರಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ನಿಂಬೆರಸ ಹಿಂಡಿದರೆ ಅನುಕೂಲ, ಊಟವಾದೊಡನೆ ಕಾಫಿ, ಟೀ ಕುಡಿದರೆ ನಷ್ಟ. ಗರ್ಭಿಣಿಯರು ಸೊಪ್ಪು ತಿನ್ನುತ್ತೇವೆಂದು ಕಬ್ಬಿಣದ ಮಾತ್ರೆ ಬಿಡಬಾರದು.

ಸೊಪ್ಪು ಮಾರುವವರ ಹತ್ತಿರ ಬೆಲೆಗಾಗಿ ಚೌಕಾಶಿ ಮಾಡುವುದನ್ನು ಬಿಟ್ಟು, 'ಇದು ಯಾವ ಸೊಪ್ಪು? ಎಲ್ಲಿಂದ ತಂದಿರಿ?' ಎಂದು ಕೇಳಿ. ದಿನಕ್ಕೆ ನಾಲ್ಕು ಜನ ಕೇಳಿದರೂ ಸಾಕು, ಸೊಪ್ಪು ತರುವ ಜಾಗ ಬದಲಾಗುತ್ತದೆ.