ಹೆಸರಿಲ್ಲದ ವೆಕ್ಟರ್ ಮೆಮೊರಿಯಲ್ಲೇ ಹೋಗಬೇಕೇ?

ಪರ

ಸಿ ಭಾಷೆಯ ಪ್ರಿಂಟ್‌ಎಫ್‌ನಂಥ ವೇರಿಯಾಡಿಕ್ ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್ ಬರುತ್ತವೆ, ಯಾವ ಬಗೆಯವು ಎಂಬುದು ಆ ಫಂಕ್ಷನ್ ಕಂಪೈಲ್ ಆಗುವಾಗ ಗೊತ್ತಿರುವುದಿಲ್ಲ. ಹಾಗಾಗಿ ಘೋಷಣೆಯಲ್ಲಿ ಹೆಸರಿನ ಬದಲು ಮೂರು ಚುಕ್ಕೆ (...) ಇರುವ ಜಾಗದಲ್ಲಿ ಬರುವ, ಅಂದರೆ ಹೆಸರಿಲ್ಲದ, 256, 512 ಬಿಟ್‌ಗಳ ವೆಕ್ಟರ್‌ಗಳನ್ನು ರಿಜಿಸ್ಟರಿಗೆ ಹಾಕದೆ ಮೆಮೊರಿಯಲ್ಲೇ ದಾಟಿಸಬೇಕು ಎಂಬುದು ನನ್ನ ಪಕ್ಷ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಕಾಲೇಜುಗಳ ವಿದ್ಯಾರ್ಥಿಗಳು ಯಾವುದಾದರೂ 64 ಬಿಟ್ ಇಂಟೆಲ್ ಲಿನಕ್ಸ್ ಮೆಷಿನ್ನಿನಲ್ಲಿ ಜಿಸಿಸಿ ಕಂಪೈಲರಿನಿಂದ ಅಸೆಂಬ್ಲಿ ತೆಗೆಸಿ ನೋಡಲಿ. ಪ್ರಿಂಟ್‌ಎಫ್‌ಗೆ ಒಂದು ಡಬಲ್ ಕಳಿಸಿದರೆ, ಕರೆಗೆ ಮುಂಚೆ ಇಎಎಕ್ಸ್ ರಿಜಿಸ್ಟರಿಗೆ 1 ತುಂಬಿರುತ್ತದೆ. ಬರೀ ಪೂರ್ಣಾಂಕವಾದರೆ 0. ಎಷ್ಟು ವೆಕ್ಟರ್ ರಿಜಿಸ್ಟರ್ ಬಳಸಿದ್ದೇನೆಂದು ಕರೆಯುವ ಕೋಡು ಕೊಡುವ ಸುಳಿವು ಅದು. ಸೊನ್ನೆಯಲ್ಲದಿದ್ದರೆ, ಒಳಗಿನ ಫಂಕ್ಷನ್ ಎಕ್ಸ್‌ಎಂಎಂ0ರಿಂದ 7ರವರೆಗಿನ ಎಂಟೂ ವೆಕ್ಟರ್ ರಿಜಿಸ್ಟರುಗಳನ್ನು ಸ್ಟ್ಯಾಕಿನಲ್ಲಿ ಇಳಿಸಿಕೊಳ್ಳುತ್ತದೆ: ಅದಕ್ಕೆ 128 ಬೈಟ್, ಪೂರ್ಣಾಂಕದ ಆರು ರಿಜಿಸ್ಟರಿಗೆ 48, ಒಟ್ಟು 176. 512 ಬಿಟ್‌ನವನ್ನೂ ರಿಜಿಸ್ಟರಿನಲ್ಲೇ ಕಳಿಸುವ ನಿಯಮವಿದ್ದರೆ ವೆಕ್ಟರ್ ಪಾಲೇ 512 ಬೈಟ್ ಆಗುತ್ತಿತ್ತು. ಯಾರೋ ಎಲ್ಲೋ ಒಮ್ಮೆ ಕಳಿಸುವ ವೆಕ್ಟರಿಗಾಗಿ ಒಂದು ಡಬಲ್ ಮುದ್ರಿಸುವವರೂ ದಂಡ ತೆರಬೇಕೇ?

ಇದಕ್ಕಿಂತ ಗಟ್ಟಿಯಾದ ಕಾರಣ ಹಳೆಯ ಲೈಬ್ರರಿಗಳದ್ದು. 256 ಬಿಟ್ ವೆಕ್ಟರಿನ ಎವಿಎಕ್ಸ್ ಇರುವ ಇಂಟೆಲ್ ಚಿಪ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಅದಕ್ಕೂ ಮುಂಚೆ ಕಂಪೈಲಾದ ವೇರಿಯಾಡಿಕ್ ಫಂಕ್ಷನ್ ಪ್ರತಿ ರಿಜಿಸ್ಟರಿನ ಕೆಳಗಿನ 128 ಬಿಟ್ ಮಾತ್ರ ಉಳಿಸುತ್ತದೆ. 256 ಬಿಟ್ ವೆಕ್ಟರನ್ನು ರಿಜಿಸ್ಟರಿನಲ್ಲಿ ಕಳಿಸುವ ನಿಯಮವಿದ್ದು, ಅದು ತನ್ನ ಆರ್ಗ್ಯುಮೆಂಟ್ ಪಟ್ಟಿಯನ್ನು ಹೊಸ ಕೋಡಿಗೆ ದಾಟಿಸಿದರೆ ವೆಕ್ಟರಿನ ಮೇಲಿನ ಅರ್ಧ ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತಿಗೆ ಬೇರೆಡೆ ಮಾಡಿದ ಚಕ್ ಕೂರಬೇಕಾದರೆ ಇಬ್ಬರೂ ಒಂದೇ ಅಳತೆಗೆ ಒಪ್ಪಿರಬೇಕು. ಯಾವ ಆರ್ಗ್ಯುಮೆಂಟ್ ಎಲ್ಲಿ ಹೋಗಬೇಕೆಂದು ಹೇಳುವ ಕಾಲಿಂಗ್ ಕನ್ವೆನ್ಶನ್ ಕೂಡ ಅಂಥದೇ ಒಪ್ಪಂದ. ಇಂಟೆಲ್ ಲಿನಕ್ಸಿನ ಒಪ್ಪಂದ ಹೆಸರಿಲ್ಲದ 256, 512 ಬಿಟ್‌ಗಳನ್ನು ಸ್ಟ್ಯಾಕಿಗೇ ಕಳಿಸುತ್ತದೆ. ಆರ್ಮ್‌ನ ಎಸ್‌ವಿಇ ವೆಕ್ಟರಿನ ಅಗಲ ಚಿಪ್ಪಿನಿಂದ ಚಿಪ್ಪಿಗೆ 128ರಿಂದ 2048 ಬಿಟ್‌ವರೆಗೆ ಬದಲಾಗುವುದರಿಂದ ಅಲ್ಲಿ ವಿಳಾಸ ಮಾತ್ರ ಹೋಗುತ್ತದೆ. ಉಳಿಸುವ ಜಾಗದ ಅಳತೆಯೇ ಮೊದಲು ಗೊತ್ತಾಗದಿದ್ದಾಗ ಬೇರೆ ದಾರಿಯಾದರೂ ಯಾವುದು?

ವಿರೋಧ

ಮೆಮೊರಿ ನಿಧಾನ ಎಂಬುದು ಎಲ್ಲರೂ ಮೊದಲು ಎತ್ತುವ ಆಕ್ಷೇಪ. ಇದರಲ್ಲಿ ಹುರುಳಿಲ್ಲ: ಆರ್ಗ್ಯುಮೆಂಟ್‌ಗಳನ್ನು ಒಂದೊಂದಾಗಿ ಎತ್ತಿಕೊಳ್ಳಲು ಒಳಗಿನ ಫಂಕ್ಷನ್ ಹೇಗೂ ಅವನ್ನು ಮೆಮೊರಿಗೆ ಇಳಿಸಲೇಬೇಕು. ಹೊರಗೇ ಇಳಿಸಿದರೆ ಎಷ್ಟು ಬೇಕೋ ಅಷ್ಟೇ ಇಳಿಯುತ್ತದೆ.

ಹೆಸರಿರುವ ವೆಕ್ಟರಿಗೆ ಒಂದು ನಿಯಮ, ಇಲ್ಲದ್ದಕ್ಕೆ ಇನ್ನೊಂದು ಏಕೆ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ವೇರಿಯಾಡಿಕ್ ಫಂಕ್ಷನ್ನನ್ನು ತಪ್ಪು ಪ್ರೋಟೋಟೈಪಿನಿಂದ ಕರೆದರೆ, ಕರೆದ ಕೋಡು ಮೌಲ್ಯವನ್ನು ಒಂದು ಕಡೆ ಇಟ್ಟಿರುತ್ತದೆ, ಒಳಗಿನದು ಇನ್ನೊಂದು ಕಡೆ ಹುಡುಕುತ್ತದೆ. ಹೆಸರಿಲ್ಲದ ಎಲ್ಲವನ್ನೂ ಸ್ಟ್ಯಾಕಿಗೆ ತಳ್ಳುವ ಆಪಲ್‌ನ ಆರ್ಮ್ ಮೆಷಿನ್‌ಗಳಲ್ಲಿ ಈ ತಪ್ಪು ಬೇಗ ಬಯಲಾಗುತ್ತದೆ. ಲಿನಕ್ಸಿನಲ್ಲಿ ಅದೇ ಕೋಡು ಅದೃಷ್ಟದ ಮೇಲೆ ನಡೆದುಬಿಡುವುದೂ ಉಂಟು. ಆದರೆ ಹಾಗೆ ಕರೆಯುವುದೇ ಸಿ ಭಾಷೆಯ ಪ್ರಕಾರ ತಪ್ಪು. ತಪ್ಪು ಕೋಡು ನಡೆಯಲೆಂದು ನೆಟ್ಟಗಿನ ಕೋಡಿನ ಮೇಲೆ ಹೊರೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಅಷ್ಟಕ್ಕೂ ಇಂಥ ಗೊಂದಲ ಹೆಸರಿರುವ ವೆಕ್ಟರಿನಲ್ಲೂ ಇದೆ: ಎವಿಎಕ್ಸ್ ಹಾಕಿ ಕಂಪೈಲ್ ಮಾಡಿದ ಫೈಲೂ ಹಾಕದ ಫೈಲೂ ಹೆಸರಿರುವ 256 ಬಿಟ್ ವೆಕ್ಟರನ್ನು ಬೇರೆಬೇರೆ ಕಡೆ ಇಡುತ್ತವೆ, ಜಿಸಿಸಿ ಅದಕ್ಕೆಂದೇ ಎಚ್ಚರಿಕೆ ಕೊಡುತ್ತದೆ. ಮೂರು ಚುಕ್ಕೆಯ ಜಾಗದಲ್ಲಾದರೋ ಎರಡೂ ಸ್ಟ್ಯಾಕಿನಲ್ಲೇ ಇಡುತ್ತವೆ.