ಪೊರೆ ಕಟ್ಟುವ ಮೊದಲೇ

ಪುಣೆಯ ಪಿಂಪ್ರಿಯಲ್ಲಿ 1954ರಲ್ಲಿ ಶುರುವಾದ ಹಿಂದೂಸ್ತಾನ್ ಆ್ಯಂಟಿಬಯೊಟಿಕ್ಸ್ ಕಾರ್ಖಾನೆ ದೇಶಕ್ಕೆ ಪೆನ್ಸಿಲಿನ್ ಅಷ್ಟೇ ಕೊಡಲಿಲ್ಲ. ಶಿಲೀಂಧ್ರನಾಶಕ ಹ್ಯಾಮೈಸಿನ್ ಹುಟ್ಟಿದ್ದೂ ಅಲ್ಲೇ. ಆ ಸಂಶೋಧನೆಯ ಮುಂದಾಳು ನಮ್ಮ ಮೈಸೂರಿನ ಎಂ.ಜೆ. ತಿರುಮಲಾಚಾರ್. ಔಷಧ ಸ್ರವಿಸುವ ಸೂಕ್ಷ್ಮಜೀವಿಯ ಹೆಸರಲ್ಲೇ ಊರಿದೆ: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ.

ಇಂದಿನ ತಲೆನೋವು ಬೇರೆ. ಕ್ಯಾಂಡಿಡಾದಂಥ ಶಿಲೀಂಧ್ರಗಳು ಕ್ಯಾಥೆಟರ್, ಹಲ್ಲುಸೆಟ್ಟುಗಳ ಮೇಲೆ ಲೋಳೆಯ ಪೊರೆ ಕಟ್ಟಿ ಒಳಗೆ ಬೆಚ್ಚಗೆ ಕೂತುಬಿಟ್ಟರೆ ಮಾಮೂಲಿ ಡೋಸಿಗೆ ಜಗ್ಗುವುದಿಲ್ಲ. ಕಟ್ಟಿದ್ದನ್ನು ಕೀಳುವುದಕ್ಕಿಂತ ಕಟ್ಟದಂತೆ ತಡೆಯುವುದು ಸಲೀಸು. ಹಾಗೆ ತಡೆಯುವ ಸಂಯುಕ್ತಗಳನ್ನು ಹುಡುಕುವ ಪರೀಕ್ಷೆ ನೋಡಲು ಅಳಗುಳಿಮಣೆಯಂತೆ: ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, 96 ಗುಳಿ. ಗುಳಿಗುಳಿಗೂ ಶಿಲೀಂಧ್ರ ಬಿಟ್ಟು, ಸಂಯುಕ್ತವನ್ನು ಅರ್ಧರ್ಧ ಇಳಿಸುತ್ತ ಹಾಕಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟು ತೊಳೆಯುತ್ತಾರೆ. ಬಳಿಕ ಪೊರೆಗೆ ಅಂಟುವ ನೇರಳೆ ಬಣ್ಣ, ಕ್ರಿಸ್ಟಲ್ ವಯೊಲೆಟ್. ನೇರಳೆ ತಿಳಿಯಾದಷ್ಟೂ ಪೊರೆ ಕಮ್ಮಿ. ಆದರೆ ಈ ಬಣ್ಣ ಸತ್ತ ಕೋಶಕ್ಕೂ ಅಂಟುತ್ತದೆ. ಬದುಕಿದ್ದನ್ನು ಗುರುತಿಸಲು ಬೇರೆ ಪರೀಕ್ಷೆ ಬೇಕೇ ಬೇಕು.

ತಟ್ಟೆಯಲ್ಲಿ ಗೆದ್ದದ್ದನ್ನೆಲ್ಲ 'ಹೊಸ ಮದ್ದು' ಎಂದು ಬರೆಯುವ ಚಪಲ ಪತ್ರಿಕೆಗಳದ್ದು, ನಮ್ಮದೂ ಸೇರಿ. ರಕ್ತ, ಮೂತ್ರಗಳ ನಡುವೆ, ನಿಜವಾದ ಕ್ಯಾಥೆಟರ್ ತುಂಡಿನ ಮೇಲೆ, ಆಸ್ಪತ್ರೆಯ ತಳಿಗಳೆದುರು ಆ ಸಂಯುಕ್ತ ಮೊದಲು ನಿಲ್ಲಬೇಕು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ರೋಗ ತರುವ 19 ಶಿಲೀಂಧ್ರಗಳ ಆದ್ಯತಾ ಪಟ್ಟಿ ಪ್ರಕಟಿಸಿತು. ಅತಿ ಗಂಭೀರವೆಂದ ನಾಲ್ಕರಲ್ಲಿ ಎರಡು ಕ್ಯಾಂಡಿಡಾ. ಇಂಥವುಗಳೆದುರು ಸಂಯುಕ್ತಗಳನ್ನು ಪರೀಕ್ಷಿಸಲೆಂದು ಆಸ್ಪತ್ರೆಗಳು ರೋಗಿಗಳಿಂದ ಸಿಕ್ಕ ತಳಿಗಳನ್ನು ವರದಿ ಬರೆದೊಡನೆ ನಾಶಮಾಡದೆ ಸಂಶೋಧಕರಿಗೆ ಕೊಡಲಿ.