ಓಡಿಸುವ ಮೊದಲು ನಡೆದು ನೋಡು

'ಕಾರ್ ರೇಸ್' ಎಂದ ಕೂಡಲೇ ನಮಗೆ ನೆನಪಾಗುವುದು ಏನು? ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ವಾಹನಗಳು, ಕೇಕೆ ಹಾಕುವ ಜನ, ಗೆದ್ದವನ ಕೈಯಲ್ಲಿ ಬೆಳ್ಳಿಯ ಕಪ್ಪು. ಮನೆಯಲ್ಲಿ ಹದಿಹರೆಯದ ಮಗನಿದ್ದರೆ ಅವನ ಕಣ್ಣಲ್ಲಿ ಹೊಳಪು, ತಾಯಿಯ ಎದೆಯಲ್ಲಿ ನಡುಕ! ಆದರೆ ಪ್ರಿಯ ಓದುಗರೇ, ಅಷ್ಟು ವೇಗವಾಗಿ ಕಾರು ಓಡಿಸುವವರು ರೇಸಿನ ಊರಿಗೆ ಬಂದ ಮೇಲೆ ಮಾಡುವ ಮೊದಲ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ಆ ರಸ್ತೆಯ ಉದ್ದಕ್ಕೂ ಕಾಲ್ನಡಿಗೆಯಲ್ಲಿ ನಡೆಯುವುದು. ಹೌದು, ಕಾರನ್ನು ಬದಿಗಿಟ್ಟು ನಡೆಯುವುದು!

ಗುಂಡುಮಾಲ್, ನಾರಾಯಣಪೇಟೆ, ಮಖ್ತಲ್, ಗದ್ವಾಲ್ ಕಡೆಯ ನಮ್ಮ ಕನ್ನಡ ಮನೆಗಳಿಗೆ ಹೈದರಾಬಾದ್ ಹೊಸ ಊರಲ್ಲ. ಮಳೆ ಕೈಕೊಟ್ಟ ವರ್ಷ ಕೂಲಿ ಅರಸಿ ಹೋಗುವುದು ಅಲ್ಲಿಗೇ. 'ಪಾಲಮೂರು ಲೇಬರ್' ಎಂದರೆ ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟುವ ಕೈಗಳೆಂದು ದೇಶದ ಮೂಲೆ ಮೂಲೆಯಲ್ಲೂ ಹೆಸರು. ಅದೇ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ, ದಿನವೂ ಬಸ್ಸು ಆಟೋಗಳು ಓಡಾಡುವ ಎನ್.ಟಿ.ಆರ್. ಮಾರ್ಗ, ಲುಂಬಿನಿ ಪಾರ್ಕ್, ಸಚಿವಾಲಯದ ರಸ್ತೆಗಳಲ್ಲಿ 2023ರ ಫೆಬ್ರವರಿ 10 ಮತ್ತು 11ರಂದು ಜಗತ್ತಿನ ರೇಸ್ ಚಾಲಕರು ಬಂದಿಳಿದರು. ಅದು ಫಾರ್ಮುಲಾ ಇ, ಅಂದರೆ ವಿದ್ಯುತ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು. ಅದಕ್ಕೂ ಹಿಂದೆ 2011ರಿಂದ 2013ರವರೆಗೆ ದೆಹಲಿ ಸಮೀಪದ ಗ್ರೇಟರ್ ನೋಯ್ಡಾದಲ್ಲಿ ಫಾರ್ಮುಲಾ 1 ಸ್ಪರ್ಧೆ ಮೂರು ಸಲ ನಡೆದಿತ್ತು. ಅದಾದ ಮೇಲೆ ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲದ ಮೌನ.

ಆ ಎರಡು ದಿನಗಳಲ್ಲಿ ಏನೇನು ನಡೆಯಿತು ಎಂದು ನೋಡೋಣ. ಅದರಲ್ಲಿ ನಮ್ಮ ಮನೆಗಳಿಗೂ ಒಂದು ಪಾಠವಿದೆ.

ಶುಕ್ರವಾರ: ಅಭ್ಯಾಸ

ಮೊದಲ ದಿನ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ. ಅಂದು ಕೇವಲ ಅರ್ಧ ಗಂಟೆಯ ಅಭ್ಯಾಸ. ಶನಿವಾರ ಬೆಳಿಗ್ಗೆ ಮತ್ತೊಂದು ಅರ್ಧ ಗಂಟೆ. ಸುಮಾರು 2.8 ಕಿಲೋಮೀಟರ್ ಉದ್ದದ ಆ ಹಾದಿಯಲ್ಲಿ 18 ತಿರುವುಗಳು. ಎಲ್ಲಿ ಬ್ರೇಕ್ ಒತ್ತಬೇಕು, ಎಲ್ಲಿ ಡಾಂಬರು ಜಾರುತ್ತದೆ, ಎಲ್ಲಿ ಉಬ್ಬು ಇದೆ ಎಂದು ಒಂದೊಂದನ್ನೂ ಗುರುತಿಟ್ಟುಕೊಳ್ಳುತ್ತಾರೆ. ಮೊದಲು ಕಾಲಿನಿಂದ ನಡೆದು ನೋಡಿದ್ದನ್ನು ಈಗ ಚಕ್ರದಿಂದ ಪರೀಕ್ಷಿಸುತ್ತಾರೆ.

ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಮಾರ್ಷಲ್‌ಗಳು ಧ್ವಜ ಹಿಡಿದು ನಿಂತಿರುತ್ತಾರೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯವಿದೆ ಎಂದರ್ಥ. ವೇಗ ಇಳಿಸಬೇಕು, ಯಾರನ್ನೂ ಹಿಂದಿಕ್ಕಬಾರದು. ನೀಲಿ ಕಂಡರೆ ಹಿಂದಿನಿಂದ ವೇಗದ ಕಾರು ಬರುತ್ತಿದೆ ಎಂದರ್ಥ. ಕೆಂಪು ಕಂಡರೆ ಎಲ್ಲವೂ ನಿಲ್ಲಬೇಕು. ಕೋಟಿಗಟ್ಟಲೆ ಬೆಲೆಯ ಕಾರು, ಜಗತ್ತಿಗೇ ಹೆಸರಾದ ಚಾಲಕ... ಆದರೂ ಒಂದು ತುಂಡು ಬಟ್ಟೆಯ ಮುಂದೆ ತಲೆಬಾಗಲೇಬೇಕು!

ಶನಿವಾರ ಬೆಳಿಗ್ಗೆ: ಅರ್ಹತಾ ಸುತ್ತು

ಯಾರು ಮುಂದೆ ನಿಂತು ಓಟ ಆರಂಭಿಸಬೇಕು? ಅದನ್ನು ನಿರ್ಧರಿಸುವುದು ಅರ್ಹತಾ ಸುತ್ತು. ಹೈದರಾಬಾದಿನಲ್ಲಿ 11 ತಂಡಗಳ 22 ಚಾಲಕರಿದ್ದರು. ಅವರನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿನ ಮೊದಲ ನಾಲ್ವರನ್ನು ಆರಿಸಲಾಯಿತು. ಆ ಎಂಟು ಮಂದಿ ಇಬ್ಬಿಬ್ಬರಾಗಿ ಸೆಣಸಿ ಕೊನೆಗೆ ಇಬ್ಬರು ಉಳಿದರು. ನ್ಯೂಜಿಲೆಂಡಿನ ಮಿಚ್ ಇವಾನ್ಸ್ ಮೊದಲ ಸ್ಥಾನ ಪಡೆದರು. ಫ್ರಾನ್ಸಿನ ಜೀನ್ ಎರಿಕ್ ವರ್ನ್ ಅವರಿಗೆ ಎರಡನೆಯ ಸ್ಥಾನ.

ಅರ್ಹತಾ ಸುತ್ತಿನಲ್ಲಿ ಗೆದ್ದವನಿಗೆ ಕಪ್ಪು ಸಿಗುವುದಿಲ್ಲ, ಮುಂದೆ ನಿಲ್ಲುವ ಹಕ್ಕು ಸಿಗುತ್ತದೆ. ಆ ಹಕ್ಕನ್ನು ಕೂಡ ಅಭ್ಯಾಸದಿಂದ, ಪರೀಕ್ಷೆಯಿಂದಲೇ ಗಳಿಸಬೇಕು. ಮಧ್ಯಾಹ್ನ ಏನಾಗುತ್ತದೆ ಎಂಬುದು ಬೇರೆಯೇ ಕಥೆ.

ಶನಿವಾರ ಮಧ್ಯಾಹ್ನ: ಸ್ಪರ್ಧೆ

ಮೂರು ಗಂಟೆಗೆ ಓಟ ಶುರುವಾಯಿತು. ಮುಂದೆ ನಿಂತಿದ್ದ ಇವಾನ್ಸ್‌ಗೆ ಗೆಲುವು ದಕ್ಕಲಿಲ್ಲ. ಅವರನ್ನು ಹೊಡೆದುರುಳಿಸಿದ್ದು ಎದುರಾಳಿ ತಂಡದವರಲ್ಲ, ಅವರದೇ ಜಾಗ್ವಾರ್ ತಂಡದ ಜೊತೆಗಾರ ಸ್ಯಾಮ್ ಬರ್ಡ್! ಕಿರಿದಾದ ತಿರುವಿನಲ್ಲಿ ಮುನ್ನುಗ್ಗಲು ಹೋಗಿ ಬರ್ಡ್ ತಮ್ಮ ಗೆಳೆಯನ ಕಾರಿಗೇ ಗುದ್ದಿದರು. ಒಂದು ಕ್ಷಣದ ಆತುರಕ್ಕೆ ಇಬ್ಬರ ಓಟವೂ ಮುಗಿಯಿತು. 'ಆತುರಗಾರನಿಗೆ ಬುದ್ಧಿ ಮಟ್ಟ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೊನೆಗೆ ಗೆದ್ದವರು ವರ್ನ್. ಬ್ಯಾಟರಿಯ ಶಕ್ತಿಯನ್ನು ಜೋಪಾನವಾಗಿ ಬಳಸುತ್ತ, ಬೆನ್ನಿಗೇ ಬರುತ್ತಿದ್ದ ನಿಕ್ ಕ್ಯಾಸಿಡಿಯನ್ನು ತಡೆದು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಅವರು ಗುರಿ ಮುಟ್ಟಿದರು. ಮೂರನೆಯವರಾಗಿ ಗೆರೆ ದಾಟಿದ್ದು ಸೆಬಾಸ್ಟಿಯನ್ ಬುಯೆಮಿ. ಆದರೆ ಅವರ ಕಾರು ಅನುಮತಿಗಿಂತ ಹೆಚ್ಚು ಶಕ್ತಿ ಬಳಸಿತ್ತು ಎಂದು ಗೊತ್ತಾದಾಗ ಶಿಕ್ಷೆ ಬಿದ್ದು ಅವರು ಬಹಳ ಹಿಂದಕ್ಕೆ ಹೋದರು. ಮೂರನೆಯ ಸ್ಥಾನ ಪೋರ್ಚುಗಲ್ಲಿನ ಆಂಟೋನಿಯೊ ಫೆಲಿಕ್ಸ್ ಡ ಕೋಸ್ಟಾ ಅವರ ಪಾಲಾಯಿತು. ಬೇಗ ಬಂದರೆ ಸಾಲದು, ನಿಯಮದೊಳಗೆ ಬರಬೇಕು!

ಈ ವಿದ್ಯುತ್ ಕಾರುಗಳಲ್ಲಿ ಇನ್ನೊಂದು ಸೋಜಿಗವಿದೆ. ಬ್ರೇಕ್ ಒತ್ತಿದಾಗ ಕಾರಿನ ಓಟದ ಶಕ್ತಿ ವ್ಯರ್ಥವಾಗದೆ ವಿದ್ಯುತ್ತಾಗಿ ಬ್ಯಾಟರಿಗೆ ಮರಳುತ್ತದೆ. ಒಂದು ರೇಸಿನಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 40ರಷ್ಟು ಹೀಗೆ ಬ್ರೇಕಿನಿಂದಲೇ ಹುಟ್ಟುತ್ತದೆ ಎಂದು ಇವುಗಳನ್ನು ರೂಪಿಸಿದವರು ಹೇಳುತ್ತಾರೆ. ಅಂದರೆ ಸರಿಯಾದ ಜಾಗದಲ್ಲಿ ನಿಧಾನಿಸಲು ಬಾರದವನು ಕೊನೆಯ ತನಕ ಓಡಲಾರ.

ಮತ್ತೊಂದು ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ರೇಸ್ ಹಾದಿಯ ಪಕ್ಕದಲ್ಲಿ ಪಿಟ್ ಲೇನ್ ಎಂಬ ಓಣಿ ಇರುತ್ತದೆ. ಮೆಕ್ಯಾನಿಕ್‌ಗಳು ನಿಂತು ಕೆಲಸ ಮಾಡುವ ಜಾಗ ಅದು. ಗಂಟೆಗೆ 300 ಕಿಲೋಮೀಟರ್ ದಾಟಿ ಓಡುವ ಫಾರ್ಮುಲಾ 1 ಕಾರು ಕೂಡ ಆ ಓಣಿಗೆ ಬಂದಾಗ ಹೆಚ್ಚಿನ ಕಡೆ 80ರ ಮಿತಿಯನ್ನು ಮೀರುವಂತಿಲ್ಲ. ಸ್ವಲ್ಪ ಮೀರಿದರೂ ದಂಡ! ಕಾರಣ? ಅಲ್ಲಿ ಮನುಷ್ಯರು ಕಾಲ ಮೇಲೆ ನಿಂತಿದ್ದಾರೆ, ಅಷ್ಟೇ. ಮನುಷ್ಯ ನಡೆದಾಡುವ ಜಾಗದಲ್ಲಿ ಜಗತ್ತಿನ ಅತಿ ವೇಗದ ಚಾಲಕನೂ ನಿಧಾನಿಸಬೇಕು. ನಮ್ಮ ಊರಿನ ಶಾಲೆಯ ಮುಂದೆ, ಸಂತೆಯ ಬೀದಿಯಲ್ಲಿ ಈ ನಿಯಮವನ್ನು ಎಷ್ಟು ಜನ ಪಾಲಿಸುತ್ತೇವೆ?

ಅಲ್ಲಿಯೂ ಸಾವು ಇದೆ

ಇಷ್ಟೆಲ್ಲ ನಿಯಮಗಳು ಪುಕ್ಕಟೆಯಾಗಿ ಬಂದವಲ್ಲ. ಪ್ರತಿ ನಿಯಮದ ಹಿಂದೆ ಯಾರದೋ ಮನೆಯ ಕಣ್ಣೀರಿದೆ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ಏಪ್ರಿಲ್ 30ರಂದು ಅರ್ಹತಾ ಸುತ್ತಿನಲ್ಲಿ ರೋಲಾಂಡ್ ರಾಟ್ಜೆನ್‌ಬರ್ಗರ್, ಮರುದಿನ ಸ್ಪರ್ಧೆಯಲ್ಲಿ ಮೂರು ಬಾರಿಯ ವಿಶ್ವ ಚಾಂಪಿಯನ್ ಅಯರ್ಟನ್ ಸೆನ್ನಾ ಪ್ರಾಣ ಕಳೆದುಕೊಂಡರು. ಆ ಮೇಲೆ ಕಾರು, ತಡೆಗೋಡೆ, ಹೆಲ್ಮೆಟ್ ಎಲ್ಲವನ್ನೂ ಮತ್ತೆ ಮತ್ತೆ ತಿದ್ದುತ್ತಲೇ ಬಂದರು. 2018ರಲ್ಲಿ ಚಾಲಕನ ತಲೆಯ ಸುತ್ತ 'ಹ್ಯಾಲೊ' ಎಂಬ ಲೋಹದ ಕಮಾನು ಕಡ್ಡಾಯವಾಯಿತು. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ರೊಮೈನ್ ಗ್ರೋಜಾನ್ ಅವರ ಕಾರು ತಡೆಗೋಡೆ ಸೀಳಿ ಹೊತ್ತಿ ಉರಿಯಿತು. ಸುಮಾರು ಅರ್ಧ ನಿಮಿಷ ಬೆಂಕಿಯ ನಡುವೆ ಇದ್ದ ಅವರು ಕೈ ಸುಟ್ಟುಕೊಂಡರೂ ಜೀವಂತ ಹೊರಬಂದರು!

ಆದರೂ ಎಲ್ಲರೂ ಹೊರಬರುವುದಿಲ್ಲ. 2023ರ ಆಗಸ್ಟ್ 5ರ ಶನಿವಾರ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಮೋಟಾರ್‌ಸೈಕಲ್ ರೇಸ್ ಇತ್ತು. ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದಿದ್ದ ಬೆಂಗಳೂರಿನ ಬಾಲಕನೊಬ್ಬ ಸ್ಪರ್ಧೆ ಶುರುವಾದ ಸ್ವಲ್ಪ ಹೊತ್ತಿಗೇ ಬಿದ್ದು ಕೊನೆಯುಸಿರೆಳೆದ. ಅವನಿಗೆ ಹದಿಮೂರೇ ವರ್ಷ. ಅಂದಿನ ಮತ್ತು ಮರುದಿನದ ಉಳಿದ ಸ್ಪರ್ಧೆಗಳನ್ನು ರದ್ದುಪಡಿಸಿದರು. ತರಬೇತಿ ಇತ್ತು, ಹೆಲ್ಮೆಟ್ ಇತ್ತು, ಆಂಬುಲೆನ್ಸ್ ಇತ್ತು. ಇಷ್ಟಿದ್ದೂ ಒಂದು ಮಗು ಹೋಯಿತು. ಹಾಗಿರುವಾಗ ಇವು ಯಾವುವೂ ಇಲ್ಲದ ನಮ್ಮ ರಸ್ತೆಯಲ್ಲಿ ಹದಿಮೂರರ ಮಗನ ಕೈಗೆ ಬೈಕಿನ ಕೀಲಿ ಕೊಡುವ ನಾವು ಎಂಥ ಧೈರ್ಯವಂತರು?

ನಮ್ಮ ದಾರಿಯ ರೇಸ್

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅಂದರೆ ಗಂಟೆಗೆ ಸುಮಾರು 19 ಜನ! ಇವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ. ನೂರರಲ್ಲಿ 71 ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಒಂದು ಸಾವಾದಾಗ ಸ್ಪರ್ಧೆಗಳೇ ನಿಂತವು. ನಮ್ಮ ರಸ್ತೆಯಲ್ಲಿ? ಅರ್ಧ ಗಂಟೆ ಗುಂಪು ಸೇರುತ್ತದೆ, ಆಮೇಲೆ ರಕ್ತದ ಕಲೆಯ ಮೇಲೆಯೇ ಬಸ್ಸು ಹಾದುಹೋಗುತ್ತದೆ.

ರಾಯಚೂರಿನಿಂದ ಮಖ್ತಲ್ ದಾಟಿ ಮಹಬೂಬನಗರಕ್ಕೆ ಹೋಗುವ ಹೆದ್ದಾರಿಯಾಗಲಿ, ಹಳ್ಳಿಯಿಂದ ಹಳ್ಳಿಗೆ ಹೋಗುವ ಒಂಟಿ ರಸ್ತೆಯಾಗಲಿ, ಅಲ್ಲಿ ಯಾರಿಲ್ಲ? ಕುರಿಯ ಹಿಂಡು, ಎತ್ತಿನ ಬಂಡಿ, ದೀಪವಿಲ್ಲದ ಟ್ರ್ಯಾಕ್ಟರ್, ಸುಗ್ಗಿಯಲ್ಲಿ ರಸ್ತೆಗೇ ಹರವಿದ ಭತ್ತ, ತೊಗರಿ, ಕೂಲಿ ಮುಗಿಸಿ ಕತ್ತಲಲ್ಲಿ ಸಾಲಾಗಿ ಮನೆಗೆ ನಡೆಯುವ ಹೆಂಗಸರು. ಅದರ ನಡುವೆ ಒಂದು ಬೈಕಿನ ಮೇಲೆ ಮೂವರು, ಒಬ್ಬರ ತಲೆಗೂ ಹೆಲ್ಮೆಟ್ ಇಲ್ಲ! ಅಭ್ಯಾಸವಿಲ್ಲ, ಅರ್ಹತೆಯಿಲ್ಲ, ನೇರವಾಗಿ ಸ್ಪರ್ಧೆಗೇ ಇಳಿದಂತೆ.

'ಮಗ ಹಠ ಮಾಡಿದ, ಕೊಡಿಸಿದೆವು' ಎನ್ನುವ ತಂದೆತಾಯಂದಿರು ಒಂದು ಮಾತು ತಿಳಿದಿರಬೇಕು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯಲ್ಲಿ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಇದೆ. ಆದರೆ ದಂಡಕ್ಕೆ ಹೆದರಿ ಮಗನನ್ನು ಉಳಿಸಿಕೊಳ್ಳಬೇಕೇ? ಪ್ರೀತಿಗೆ ಅಷ್ಟೂ ಶಕ್ತಿಯಿಲ್ಲವೇ?

ಹಾಗಾದರೆ ಏನು ಮಾಡೋಣ? ವೇಗ ಎಂದರೆ ಪಾಪ ಎಂದು ಮಕ್ಕಳಿಗೆ ಬೈಯುವುದರಿಂದ ಪ್ರಯೋಜನವಿಲ್ಲ. ರೇಸ್ ಇಷ್ಟಪಡುವ ಮಗನ ಪಕ್ಕ ಕುಳಿತು ಟಿ.ವಿ.ಯಲ್ಲಿ ನೀವೂ ಒಂದು ರೇಸ್ ನೋಡಿ. ಹಳದಿ ಬಾವುಟ ಬಂದಾಗ ಚಾಲಕರು ಏನು ಮಾಡುತ್ತಾರೆ ಎಂದು ಅವನಿಂದಲೇ ಹೇಳಿಸಿ. ಪಿಟ್ ಲೇನಿನ ಮಿತಿ ಏಕೆ ಎಂದು ಕೇಳಿ. ಬೈಕ್ ಕೊಳ್ಳುವ ದಿನವೇ ಹೆಲ್ಮೆಟ್ ಕೊಳ್ಳಿ, ಹಿಂದೆ ಕೂರುವವರಿಗೂ ಒಂದು. ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕ ಕೀಲಿ ನಿಮ್ಮ ಬಳಿಯೇ ಇರಲಿ. ಮುಖ್ಯವಾಗಿ, ಅಪ್ಪನೇ ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದರೆ ಮಗನಿಗೆ ಬುದ್ಧಿ ಹೇಳುವ ಬಾಯಿ ಯಾವುದು?

ಹೈದರಾಬಾದಿನಲ್ಲಿ ಮರುವರ್ಷ ನಡೆಯಬೇಕಿದ್ದ ರೇಸ್ 2024ರ ಜನವರಿಯಲ್ಲಿ ರದ್ದಾಯಿತು. ಅದರ ಖರ್ಚುವೆಚ್ಚದ ಬಗ್ಗೆ ವಿವಾದ, ತನಿಖೆಗಳೂ ನಡೆದವು. ಆ ಎರಡು ದಿನ ಅಲ್ಲಿ ಧ್ವಜ ಹಿಡಿದು ನಿಂತಿದ್ದ ಮಾರ್ಷಲ್‌ಗಳು ನಮ್ಮ ಊರಿನ ರಸ್ತೆಗಳಿಗೆ ಬರುವುದಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ಆ ಬಾವುಟ ಹಿಡಿಯಬೇಕಾದವರು ನಾವೇ.

ಬಿಡುವಿರುವ ಒಂದು ಸಂಜೆ ನಿಮ್ಮ ಮಗನನ್ನೋ ಮಗಳನ್ನೋ ಕರೆದುಕೊಂಡು, ಅವರು ನಾಳೆ ವಾಹನ ಓಡಿಸಲಿರುವ ದಾರಿಯಲ್ಲಿ ಒಮ್ಮೆ ನಡೆದು ಬನ್ನಿ. ಇಲ್ಲಿ ಶಾಲೆಯ ಗೇಟು, ಇಲ್ಲಿ ಕಾಣದ ತಿರುವು, ಇಲ್ಲಿ ಅಜ್ಜಿ ದಿನವೂ ಎಮ್ಮೆ ದಾಟಿಸುತ್ತಾಳೆ ಎಂದು ತೋರಿಸಿ. ಜಗತ್ತಿನ ದೊಡ್ಡ ದೊಡ್ಡ ರೇಸ್ ಚಾಲಕರೇ ನಡೆದು ನೋಡುತ್ತಾರೆ. ನಮ್ಮ ಮಕ್ಕಳು ನೋಡಬಾರದೇ?